ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ನಾಟಕದ ಪುಸ್ತಕಗಳನ್ನು ಹುಡುಕುವುದು, ಎರವಲು ಪಡೆಯುವುದು ಹೇಗೆ?

ಪ್ರಶ್ನೆ
ಬರೆದವರು: ಎಂ.ಎ. ವಿದ್ಯಾರ್ಥಿನಿ, ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗದಿಂದ ಧಾರವಾಡಕ್ಕೆ ರೈಲಿನಲ್ಲಿ ಓಡಾಡುತ್ತ ಕನ್ನಡ ಎಂ.ಎ. ಓದುತ್ತಿದ್ದೇನೆ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಗದಗ, ಧಾರವಾಡ ಭಾಗದ ನಾಟಕ ಸಾಹಿತ್ಯವನ್ನು, ಅಂದರೆ ಗರುಡ ಸದಾಶಿವರಾಯರು ಮತ್ತು ಹುಯಿಲಗೋಳ ನಾರಾಯಣರಾಯರಿಂದ ಹಿಡಿದು ಶ್ರೀರಂಗರವರೆಗಿನ ನಾಟಕಗಳನ್ನು, ವಿಷಯವಾಗಿ ಆರಿಸಿಕೊಂಡಿದ್ದೇನೆ. ವಿಷಯಕ್ಕೆ ಮಾರ್ಗದರ್ಶಕರ ಒಪ್ಪಿಗೆ ದೊರೆತಿದೆ. ಪುಸ್ತಕಗಳು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.

ಪದವಿ ಓದುವಾಗ ಕಾಲೇಜಿನ ಗ್ರಂಥಪಾಲಕರಿಗೆ ಪುಸ್ತಕದ ಹೆಸರು ಹೇಳಿದರೆ ಅವರೇ ಒಳಗಿನಿಂದ ತಂದುಕೊಡುತ್ತಿದ್ದರು. ಇಲ್ಲಿ ನಾವೇ ಗಣಕದಲ್ಲಿ ಹುಡುಕಿ, ಸಂಖ್ಯೆಯನ್ನು ಬರೆದುಕೊಂಡು, ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಬರಬೇಕು. ಲೇಖಕರ ಹೆಸರಿನ ಜಾಗದಲ್ಲಿ ಶ್ರೀರಂಗ ಎಂದು ಕನ್ನಡದಲ್ಲಿ ಕೊಟ್ಟರೆ ಬೆರಳೆಣಿಕೆಯಷ್ಟು ಪುಸ್ತಕಗಳು ಕಾಣುತ್ತವೆ; ಅಷ್ಟೊಂದು ನಾಟಕಗಳನ್ನು ಬರೆದವರ ಪುಸ್ತಕಗಳು ಇಷ್ಟೇ ಇರಲಾರವು ಎಂದು ನನಗೂ ಅನಿಸುತ್ತದೆ. ಹುಯಿಲಗೋಳರ ಹೆಸರಿಗೆ ಏನೂ ಬರುವುದಿಲ್ಲ. ಸಂಖ್ಯೆಯ ವಿಷಯಕ್ಕೆ ಬಂದರೆ, ಕೆಲವು ನಾಟಕಗಳು ಒಂದು ಸಾಲಿನಲ್ಲಿಯೂ ಇನ್ನು ಕೆಲವು ಬೇರೆ ಅಂತಸ್ತಿನಲ್ಲಿಯೂ ಇರುವುದರ ಲೆಕ್ಕಾಚಾರ ನನಗೆ ತಿಳಿಯುತ್ತಿಲ್ಲ. ಕೊನೆಗೆ ಸಿಕ್ಕ ಪುಸ್ತಕ ಪರಾಮರ್ಶನ ವಿಭಾಗದ್ದಾಗಿದ್ದರೆ ಮನೆಗೆ ಕೊಡುವುದಿಲ್ಲ. ಸಂಜೆಯ ರೈಲು ಹಿಡಿಯಬೇಕಾದ ನನಗೆ ಅಲ್ಲಿಯೇ ಕುಳಿತು ಓದುವಷ್ಟು ವೇಳೆ ಉಳಿಯುವುದಿಲ್ಲ. ಈ ದಾರಿಯಲ್ಲಿ ನಡೆದ ಹಿರಿಯರು ಯಾವುದರಿಂದ ಆರಂಭಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ
ಬರೆದವರು: ನಿವೃತ್ತ ಗ್ರಂಥಾಲಯ ಸಿಬ್ಬಂದಿ, ಧಾರವಾಡ

ತಂಗಿ, ನಿಮ್ಮ ವಿಷಯ ಒಳ್ಳೆಯದು, ಆದರೆ ಹುಡುಕುವವರನ್ನು ದಣಿಸುವಂಥದ್ದು. ಕಾದಂಬರಿ, ಕವನ ಸಂಕಲನಗಳಿಗಿಂತ ನಾಟಕದ ಪುಸ್ತಕಗಳು ಗ್ರಂಥಾಲಯದಲ್ಲಿ ಹೆಚ್ಚು ಕಡೆ ಚದುರಿರುತ್ತವೆ. ಅದಕ್ಕೆ ಕಾರಣ ಅವ್ಯವಸ್ಥೆಯಲ್ಲ, ವ್ಯವಸ್ಥೆಯೇ. ಪುಸ್ತಕವನ್ನು ಕಪಾಟಿಗೆ ಸೇರಿಸಿದವರು ಅದನ್ನು ಏನೆಂದು ತಿಳಿದರು ಎಂಬುದನ್ನು ಊಹಿಸಬಲ್ಲವರಿಗೆ ಅದು ಸಿಗುತ್ತದೆ.

ಮೊದಲು ಹೆಸರಿನ ವಿಚಾರ, ಏಕೆಂದರೆ ನೀವು ಸಿಕ್ಕಿಕೊಂಡಿರುವುದು ಅಲ್ಲಿಯೇ. ಕ್ಯಾಟಲಾಗಿನಲ್ಲಿ ಲೇಖಕರ ಹೆಸರು ಮುಖಪುಟದಲ್ಲಿದ್ದಂತೆ ಇರುವುದಿಲ್ಲ. ಅಡ್ಡಹೆಸರು ಮುಂದೆ ಬಂದು, ಅಲ್ಪವಿರಾಮದ ಆಚೆಗೆ ಸ್ವಂತ ಹೆಸರು ಅಥವಾ ಅದರ ಮೊದಲಕ್ಷರಗಳು ಬರುತ್ತವೆ: ಬೇಂದ್ರೆ, ದ.ರಾ.; ಗೋಕಾಕ, ವಿ.ಕೃ. ಎಂಬಂತೆ. ನಮ್ಮ ಭಾಗದ ಲೇಖಕರಿಗೆ ಅಡ್ಡಹೆಸರು ಇರುವುದರಿಂದ ಇದು ಸಲೀಸು. ಮೈಸೂರಿನ ಕಡೆಯವರಿಗೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಹೆಚ್ಚಾಗಿ ಇರುವುದರಿಂದ ಸ್ವಂತ ಹೆಸರು ಮುಂದೆ ಬರುತ್ತದೆ. ಕುವೆಂಪು ಅವರ ನಾಟಕಗಳನ್ನು ಪುಟ್ಟಪ್ಪ, ಕೆ.ವಿ. ಎಂಬಲ್ಲಿಯೂ ನೋಡಬೇಕಾಗುತ್ತದೆ. ಹುಯಿಲಗೋಳ ನಾರಾಯಣರಾಯರಂಥ ಹಿರಿಯರ ಹೆಸರಿನಲ್ಲಿ ಊರು ಮೊದಲೇ ಮುಂದಿದೆ. ಒಬ್ಬ ಸಿಬ್ಬಂದಿ ಅದನ್ನು ಅಡ್ಡಹೆಸರೆಂದು ತಿಳಿದು ಹಾಗೆಯೇ ಬಿಟ್ಟಿರಬಹುದು, ಇನ್ನೊಬ್ಬರು ನಾರಾಯಣರಾವ್, ಹುಯಿಲಗೋಳ ಎಂದು ತಿರುಗಿಸಿರಬಹುದು. ರಾಯ, ರಾವ್, ರಾವ ಎಂಬ ಮೂರು ಬರಹಗಳು ಬೇರೆ; ಹುಯಿಲಗೋಳ, ಹುಯಿಲಗೋಳ್, ಹುಲಗೋಳ ಎಂಬ ರೂಪಗಳೂ ಉಂಟು. ಆದ್ದರಿಂದ ಪೂರ್ತಿ ಹೆಸರನ್ನು ಎಂದೂ ಕೊಡಬೇಡಿರಿ. ನಾರಾಯಣ ಎಂದಷ್ಟೇ ಕೊಟ್ಟು, ವಿಷಯದ ಜಾಗದಲ್ಲಿ ನಾಟಕ ಎಂದು ಸೇರಿಸಿ ನೋಡಿರಿ.

ಕಾವ್ಯನಾಮಗಳದ್ದು ಇದಕ್ಕಿಂತ ದೊಡ್ಡ ತೊಡಕು. ನಿಮ್ಮ ಶ್ರೀರಂಗರನ್ನೇ ತೆಗೆದುಕೊಳ್ಳಿರಿ. 1904ರಲ್ಲಿ ಹುಟ್ಟಿದ ಇವರು ಕನ್ನಡ ನಾಟಕಗಳನ್ನು ಬರೆದದ್ದು ಶ್ರೀರಂಗ ಎಂಬ ಹೆಸರಿನಿಂದ. ಇಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ ಅವರು ಆರ್.ವಿ. ಜಾಗೀರದಾರರು, ಸಂಸ್ಕೃತ ನಾಟಕವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದು 1947ರಲ್ಲಿ ಪ್ರಕಟವಾದ ಗ್ರಂಥ ಆ ಹೆಸರನ್ನೇ ಹೊತ್ತಿದೆ, ಮುಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಅವರು ಆದ್ಯ ರಂಗಾಚಾರ್ಯರು. ಈ ಮೂರು ಹೆಸರುಗಳ ನಡುವೆ ‘ಇದನ್ನೂ ನೋಡಿ’ ಎಂಬ ಸೂಚನೆಯನ್ನು ಹಾಕಿಡುವುದು ಸೂಚೀಕರಣದ ನಿಯಮ. ಹಳೆಯ ಕಾರ್ಡುಗಳಲ್ಲಿ ಇಂಥ ಸೂಚನೆಗಳನ್ನು ಬಹಳ ಶ್ರದ್ಧೆಯಿಂದ ಬರೆದಿರುವುದನ್ನು ನಾನು ಕಂಡಿದ್ದೇನೆ. ಗಣಕಕ್ಕೆ ದಾಖಲೆಗಳನ್ನು ಏರಿಸುವಾಗ ಅನೇಕ ಕಡೆ ಪುಸ್ತಕದ ವಿವರಗಳಷ್ಟೇ ಏರಿ, ಸೂಚನಾ ಕಾರ್ಡುಗಳು ಡ್ರಾಯರಿನಲ್ಲಿಯೇ ಉಳಿದವು. ಹಾಗಾಗಿ ಹುಡುಕುವವರೇ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಕುಳಿತುಕೊಳ್ಳಬೇಕು. ಜಡಭರತ ಎಂದರೆ ಜಿ.ಬಿ. ಜೋಶಿ, ಆನಂದಕಂದ ಎಂದರೆ ಬೆಟಗೇರಿ ಕೃಷ್ಣಶರ್ಮ, ವಿನಾಯಕ ಎಂದರೆ ಗೋಕಾಕ, ಎನ್ಕೆ ಎಂದರೆ ಎನ್.ಕೆ. ಕುಲಕರ್ಣಿ. ಈ ಕೊನೆಯವರನ್ನು ಹುಡುಕುವಾಗ ಮೊದಲಕ್ಷರಗಳನ್ನು ಮರೆಯಬೇಡಿರಿ. ಧಾರವಾಡದಲ್ಲಿ ಬರೀ ಕುಲಕರ್ಣಿ ಎಂದು ಹುಡುಕಹೊರಟವರು ಸಂಜೆಯಾದರೂ ಮನೆ ಮುಟ್ಟುವುದಿಲ್ಲ.

ಲಿಪಿಯ ಮಾತೂ ಇದೆ. ಅನೇಕ ಗ್ರಂಥಾಲಯಗಳು ಕನ್ನಡ ಪುಸ್ತಕಗಳ ವಿವರವನ್ನು ಆರಂಭದಲ್ಲಿ ರೋಮನ್ ಲಿಪಿಯಲ್ಲಿ ತುಂಬಿದವು. ಆಗ ಶ್ರೀರಂಗ ಎಂಬ ಹೆಸರನ್ನು ಎಸ್‌ನಿಂದ, ಎಸ್‌ಎಚ್‌ನಿಂದ, ನಡುವೆ ಒಂದು ಐ ಹಾಕಿ, ಎರಡು ಇ ಹಾಕಿ, ಒಂದೇ ಶಬ್ದವಾಗಿ, ಎರಡು ಶಬ್ದವಾಗಿ ಬರೆದವರೆಲ್ಲ ಇದ್ದಾರೆ. ಅನಂತರ ಬಂದ ಪುಸ್ತಕಗಳು ಕನ್ನಡ ಲಿಪಿಯಲ್ಲಿವೆ. ನೀವು ಕನ್ನಡದಲ್ಲಿ ಹುಡುಕಿದಾಗ ಕಂಡ ಬೆರಳೆಣಿಕೆಯ ಪುಸ್ತಕಗಳು ಬಹುಶಃ ಈ ಎರಡನೆಯ ಕಾಲದವು, ಅಂದರೆ ಇತ್ತೀಚಿನ ಮರುಮುದ್ರಣಗಳು. ಹಳೆಯ ಮುದ್ರಣಗಳಿಗಾಗಿ ರೋಮನ್ ಲಿಪಿಯಲ್ಲಿ ‘ರಂಗ’ ಎಂಬ ಭಾಗವನ್ನಷ್ಟೇ ಕೊಟ್ಟು ನೋಡಿರಿ. ಯುನಿಕೋಡ್‌ಗಿಂತ ಮೊದಲಿನ ಫಾಂಟುಗಳಲ್ಲಿ ತುಂಬಿದ ದಾಖಲೆಗಳು ಕೆಲವೆಡೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅಂಥವು ಹೆಸರಿನಿಂದ ಸಿಗಲಾರವು, ವರ್ಗಾಂಕದಿಂದ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ಕೊಟ್ಟ ಸಂಖ್ಯೆಯಿಂದ, ಮಾತ್ರ ಸಿಗುತ್ತವೆ.

ಇನ್ನು ಆ ವರ್ಗಾಂಕ. ನಮ್ಮ ಕಡೆಯ ಹೆಚ್ಚಿನ ಗ್ರಂಥಾಲಯಗಳು ಬಳಸುವುದು ಡ್ಯೂಯಿ ದಶಮಾಂಶ ವರ್ಗೀಕರಣವನ್ನು. ಅದರಲ್ಲಿ 800 ಎಂದರೆ ಸಾಹಿತ್ಯ, 894.814 ಎಂದರೆ ಕನ್ನಡ ಸಾಹಿತ್ಯ. ಅದರ ಮುಂದಿನ ಅಂಕಿ ಪ್ರಕಾರವನ್ನು ಹೇಳುತ್ತದೆ: 1 ಕಾವ್ಯ, 2 ನಾಟಕ, 3 ಕಥೆ ಮತ್ತು ಕಾದಂಬರಿ, 4 ಪ್ರಬಂಧ. ಹೀಗೆ ಕನ್ನಡ ನಾಟಕದ ಮನೆ 894.8142. ಬೇಂದ್ರೆಯವರ ಕವಿತೆಗಳು 894.8141ರಲ್ಲಿದ್ದರೆ ಅವರ ನಾಟಕಗಳು ಅಲ್ಲಿರುವುದಿಲ್ಲ, ಇಲ್ಲಿರುತ್ತವೆ. ಒಬ್ಬ ಲೇಖಕನ ಪುಸ್ತಕಗಳೆಲ್ಲ ಒಂದೇ ಸಾಲಿನಲ್ಲಿ ಇರುತ್ತವೆಂದು ಎಣಿಸುವುದು ಹೊಸಬರ ಸಾಮಾನ್ಯ ತಪ್ಪು. ಸಂಖ್ಯೆಯ ಕೆಳಗೆ ಬರೆದ ಮೂರು ಅಕ್ಷರಗಳು ಸಾಮಾನ್ಯವಾಗಿ ಲೇಖಕರ ಹೆಸರಿನವು. ಒಬ್ಬ ನಾಟಕಕಾರರನ್ನು ಕುರಿತ ವಿಮರ್ಶೆ ಆ ನಾಟಕಕಾರರ ಪಕ್ಕದಲ್ಲಿಯೇ ನಿಲ್ಲುತ್ತದೆ. ಒಟ್ಟು ನಾಟಕ ಸಾಹಿತ್ಯದ ಚರಿತ್ರೆಗೆ ನಾಟಕದ ಸಂಖ್ಯೆಯ ಮುಂದೆ ಸೊನ್ನೆಗಳೂ 9ರ ಅಂಕಿಯೂ ಸೇರುತ್ತವೆ, ಆದ್ದರಿಂದ ಅದು ಆ ಸಾಲಿನ ಮೊದಲಲ್ಲಿಯೇ ಇರುತ್ತದೆ.

ಬೇರೆ ಅಂತಸ್ತಿಗೆ ಹೋದ ನಾಟಕಗಳ ರಹಸ್ಯವೂ ಇದೇ. ರಂಗಭೂಮಿ, ಅಭಿನಯ, ನಾಟಕ ಕಂಪನಿಗಳ ಇತಿಹಾಸ ಇವೆಲ್ಲ ಸಾಹಿತ್ಯವಲ್ಲ, ಕಲೆ. ಅವುಗಳ ಸಂಖ್ಯೆ 792. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಬಗ್ಗೆ ಬರೆದದ್ದನ್ನು ನೀವು 792ರಲ್ಲಿಯೂ, ಅವರು ಬರೆದ ನಾಟಕಗಳನ್ನು 894.8142ರಲ್ಲಿಯೂ ನೋಡಬೇಕು. ದೊಡ್ಡಾಟ, ಸಣ್ಣಾಟಗಳನ್ನು ಜಾನಪದವೆಂದು ತಿಳಿದವರು 398ರಲ್ಲಿ ಇಟ್ಟಿರುತ್ತಾರೆ, ರಂಗಕಲೆಯೆಂದು ತಿಳಿದವರು 792ರಲ್ಲಿ. ಒಂದೇ ಆಟದ ಎರಡು ಮುದ್ರಣಗಳು ಎರಡು ಕಡೆ ಇದ್ದರೂ ಆಶ್ಚರ್ಯಪಡಬೇಡಿರಿ. ಅನುವಾದಿತ ನಾಟಕವು ಮೂಲ ಭಾಷೆಯ ಸಂಖ್ಯೆಗೆ ಹೋಗುತ್ತದೆ: ಸಂಸ್ಕೃತದಿಂದ ಬಂದದ್ದು 891.22ಕ್ಕೆ, ಮರಾಠಿಯಿಂದ ಬಂದದ್ದು 891.462ಕ್ಕೆ. ನಮ್ಮ ಕಂಪನಿ ನಾಟಕಗಳ ಕಾಲದಲ್ಲಿ ಮರಾಠಿಯ ಪ್ರಭಾವ ಎಷ್ಟಿತ್ತೆಂಬುದು ನಿಮಗೆ ತಿಳಿದೇ ಇದೆ, ಆದ್ದರಿಂದ ಆ ಸಾಲನ್ನು ಬಿಡಬೇಡಿರಿ.

ಕೆಲವು ಹಳೆಯ ಗ್ರಂಥಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಇನ್ನೂ ಉಳಿದಿದೆ. ಅದರಲ್ಲಿ ಸಾಹಿತ್ಯಕ್ಕೆ ಇಂಗ್ಲಿಷಿನ ಓ ಅಕ್ಷರ. ಲೇಖಕರನ್ನು ಗುರುತಿಸುವುದು ಅವರು ಹುಟ್ಟಿದ ವರ್ಷದಿಂದ. ಮೊದಲು ನೋಡಿದವರಿಗೆ ವಿಚಿತ್ರವೆನಿಸಿದರೂ, ಒಂದು ಕಾಲದ ನಾಟಕಕಾರರೆಲ್ಲ ವಯಸ್ಸಿನ ಕ್ರಮದಲ್ಲಿ ಸಾಲಾಗಿ ನಿಂತಿರುವುದು ನಿಮ್ಮಂಥ ವಿಷಯದವರಿಗೆ ಬಹಳ ಅನುಕೂಲ. ನನ್ನ ಮಟ್ಟಿಗೆ ಸಾಹಿತ್ಯಕ್ಕೆ ಡ್ಯೂಯಿಗಿಂತ ಇದೇ ಮೇಲು. ಆದರೆ ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ.


ಉತ್ತರ
ಬರೆದವರು: ಸಂಶೋಧನಾ ವಿದ್ಯಾರ್ಥಿ, ಹಾವೇರಿ

ಹಿರಿಯರು ಕ್ಯಾಟಲಾಗಿನ ಒಳಹೊರಗನ್ನು ವಿವರಿಸಿದ್ದಾರೆ. ಯಾವ ಪುಸ್ತಕಗಳನ್ನು ಹುಡುಕಬೇಕೆಂಬ ಪಟ್ಟಿಯನ್ನು ಗ್ರಂಥಾಲಯಕ್ಕೆ ಹೋಗುವ ಮೊದಲೇ, ಗದಗದಲ್ಲಿ ಕುಳಿತೇ, ಸಿದ್ಧಪಡಿಸಿಕೊಳ್ಳಬಹುದು ಎಂಬುದನ್ನು ನಾನು ಸೇರಿಸುತ್ತೇನೆ. ಓಡಾಡುವವರಿಗೆ ಇದರಿಂದ ಬಹಳಷ್ಟು ವೇಳೆ ಉಳಿಯುತ್ತದೆ.

ಇದಕ್ಕೆ ಅತ್ಯುತ್ತಮ ಆಕರ ಎಂದರೆ ಈಗಾಗಲೇ ಅದೇ ವಿಷಯದಲ್ಲಿ ಕೆಲಸ ಮಾಡಿದವರ ಮಹಾಪ್ರಬಂಧಗಳ ಕೊನೆಯಲ್ಲಿರುವ ಪರಾಮರ್ಶನ ಗ್ರಂಥಗಳ ಪಟ್ಟಿ. ಪಿಎಚ್.ಡಿ. ಪ್ರಬಂಧಗಳ ಗಣಕಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮ ಮಾಡಿದ ಬಳಿಕ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಜಾಲತಾಣದಲ್ಲಿ ಅವು ಯಾರಿಗಾದರೂ ಓದಲು ಸಿಗುತ್ತವೆ. ಕನ್ನಡ ಪ್ರಬಂಧಗಳ ಶೀರ್ಷಿಕೆಯನ್ನು ಅಲ್ಲಿಯೂ ಕೆಲವರು ಕನ್ನಡದಲ್ಲಿ, ಕೆಲವರು ರೋಮನ್ ಲಿಪಿಯಲ್ಲಿ, ಕೆಲವರು ಇಂಗ್ಲಿಷಿಗೆ ಅನುವಾದಿಸಿ ಕೊಟ್ಟಿರುತ್ತಾರೆ. ಆದುದರಿಂದ ವಿಶ್ವವಿದ್ಯಾಲಯ ಮತ್ತು ವಿಭಾಗವನ್ನು ಆರಿಸಿಕೊಂಡು ಪಟ್ಟಿಯನ್ನೇ ಮೇಲಿನಿಂದ ಕೆಳಗೆ ನೋಡುವುದು ಒಳ್ಳೆಯದು. ಪ್ರಬಂಧ ಅಧ್ಯಾಯವಾರು ಬೇರೆ ಬೇರೆ ಕಡತಗಳಲ್ಲಿರುತ್ತದೆ. ನಿಮಗೆ ಮೊದಲು ಬೇಕಾದದ್ದು ಕೊನೆಯ ಕಡತ. ಅದರಲ್ಲಿ ಪುಸ್ತಕದ ಪ್ರಕಾಶಕರು, ವರ್ಷ ಎಲ್ಲವೂ ಇರುವುದರಿಂದ ಕ್ಯಾಟಲಾಗಿನಲ್ಲಿ ಲೇಖಕರ ಹೆಸರು ಕೈಕೊಟ್ಟರೆ ಪ್ರಕಾಶಕರ ಹೆಸರಿನಿಂದ ಹುಡುಕಬಹುದು. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದಲೂ ಪ್ರಕಟಣೆಯಲ್ಲಿ ತೊಡಗಿದೆ. ಆ ಹೆಸರೊಂದನ್ನು ಪ್ರಕಾಶಕರ ಜಾಗದಲ್ಲಿ ಕೊಟ್ಟರೆ ನಿಮ್ಮ ವಿಷಯದ ಒಂದು ದೊಡ್ಡ ಪಾಲು ಒಟ್ಟಿಗೆ ಕಾಣುತ್ತದೆ.

ಪರಾಮರ್ಶನ ವಿಭಾಗದಿಂದ ಹೊರಗೆ ಕೊಡದ ಹಳೆಯ ಮುದ್ರಣಗಳ ಬಗ್ಗೆ ಕೇಳಿದ್ದೀರಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಇವೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆಗಿವೆ. ಅವುಗಳ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಹೇಗೆ ಹೇಗೋ ಬರೆದಿದ್ದರಿಂದ ಹುಡುಕುವುದು ಕಷ್ಟವಾಗಿತ್ತು. ಆ ಹೆಸರುಗಳನ್ನು ಕನ್ನಡಕ್ಕೆ ತಂದು ಹುಡುಕಲು ಬರುವಂತೆ ಮಾಡಿದ ಪುಸ್ತಕ ಸಂಚಯ ಎಂಬ ತಾಣವಿದೆ, ಅದರಿಂದ ಆರಂಭಿಸಿರಿ. ನಿಮ್ಮ ಗ್ರಂಥಾಲಯದಲ್ಲಿ ಕುಳಿತು ಮಾತ್ರ ಓದಬೇಕಾದ ಪುಸ್ತಕ ರೈಲಿನಲ್ಲಿಯೇ ಮೊಬೈಲಿನಲ್ಲಿ ತೆರೆದುಕೊಂಡರೆ ಅದಕ್ಕಿಂತ ಅನುಕೂಲವೇನಿದೆ? ಆದರೆ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಪುಟಗಳು ತಪ್ಪಿರುವುದುಂಟು, ಒಂದರ ಮುಖಪುಟದ ಹಿಂದೆ ಬೇರೆಯದೇ ಪುಸ್ತಕ ಇರುವುದೂ ಉಂಟು. ಉದ್ಧರಿಸುವ ಮೊದಲು ಪುಟಸಂಖ್ಯೆಯನ್ನು ಮುದ್ರಿತ ಪ್ರತಿಯೊಂದಿಗೆ ಒಮ್ಮೆ ತಾಳೆ ನೋಡಬೇಕು.

ವಿಷಯ ದೊಡ್ಡಾಟ, ಸಣ್ಣಾಟಗಳ ಕಡೆಗೆ ಹೊರಳುವುದಾದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೂ ನೋಡಿರಿ. 2011ರಲ್ಲಿ ಸ್ಥಾಪನೆಯಾದ ಹೊಸ ಸಂಸ್ಥೆಯಾದರೂ ಅದರ ಕ್ಷೇತ್ರವೇ ಅದು.


ಉತ್ತರ
ಬರೆದವರು: ಕನ್ನಡ ಉಪನ್ಯಾಸಕಿ, ಹುಬ್ಬಳ್ಳಿ

ಮೇಲಿನ ಇಬ್ಬರ ಮಾತುಗಳನ್ನೂ ಒಪ್ಪುತ್ತೇನೆ, ಆದರೆ ಗಣಕದ ಮುಂದೆ ಇಷ್ಟು ಹೊತ್ತು ಕೂರಿಸುವುದನ್ನು ಒಪ್ಪುವುದಿಲ್ಲ. ಕ್ಯಾಟಲಾಗು ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳಬೇಕೆಂದು ನಮಗೆ ಹೊಳೆಯದೇ ಇದ್ದುದನ್ನು ಕಪಾಟು ಮಾತ್ರ ತೋರಿಸುತ್ತದೆ. 894.8142 ಎಂಬ ಸಂಖ್ಯೆ ತಿಳಿದ ಮೇಲೆ ಆ ಸಾಲಿನ ಮುಂದೆ ನಿಂತು, ಮೊದಲ ಪುಸ್ತಕದಿಂದ ಕೊನೆಯ ಪುಸ್ತಕದವರೆಗೆ ಒಂದೊಂದನ್ನೂ ಹೊರಗೆ ಎಳೆದು ನೋಡಲು ಒಂದು ಬಿಡುವಿನ ಮಧ್ಯಾಹ್ನವನ್ನು ಮೀಸಲಿಡಿರಿ. ನಾಟಕದ ಪುಸ್ತಕಗಳು ತೆಳ್ಳಗಿರುತ್ತವೆ. ಬೆನ್ನಿನ ಮೇಲೆ ಹೆಸರು ಬರೆಯಲು ಜಾಗವಿರುವುದಿಲ್ಲ, ಚೀಟಿ ಉದುರಿಹೋಗಿರುತ್ತದೆ, ಎರಡು ದಪ್ಪ ಸಂಪುಟಗಳ ನಡುವೆ ಒಳಸೇರಿ ಕಣ್ಣಿಗೆ ಬೀಳುವುದಿಲ್ಲ. ಇನ್ನು ಕೆಲವು ಕಡೆ ಇಂಥ ನಾಲ್ಕೈದು ಕಿರುಪುಸ್ತಕಗಳನ್ನು ಕೂಡಿಸಿ ಒಂದೇ ರಟ್ಟಿನಲ್ಲಿ ಬೈಂಡ್ ಮಾಡಿಸಿರುತ್ತಾರೆ. ಆಗ ಮೊದಲನೆಯದರ ಹೆಸರಷ್ಟೇ ಕ್ಯಾಟಲಾಗಿಗೆ ಏರಿರುವ ಸಾಧ್ಯತೆ ಹೆಚ್ಚು. ಹುಯಿಲಗೋಳರ ಕಾಲದ ನಾಟಕಗಳನ್ನು ಹುಡುಕುವವರು ಇಂಥ ಬೈಂಡುಗಳ ಒಳಪುಟಗಳನ್ನು ತಿರುವಲೇಬೇಕು.

ಡ್ಯೂಯಿಯ ನಿಯಮವನ್ನು ಹಿರಿಯರು ಹೇಳಿದಷ್ಟು ಅಚ್ಚುಕಟ್ಟಾಗಿ ಎಲ್ಲ ಕಡೆ ಪಾಲಿಸಿರುತ್ತಾರೆಂದು ನಂಬುವುದಕ್ಕೆ ಆಗುವುದಿಲ್ಲ. ಗಿರೀಶ ಕಾರ್ನಾಡರು ತಮ್ಮ ನಾಟಕಗಳನ್ನು ತಾವೇ ಇಂಗ್ಲಿಷಿಗೆ ತಂದರು. ನಿಯಮದ ಪ್ರಕಾರ ಅವು ಕನ್ನಡ ನಾಟಕದ ಸಾಲಿನಲ್ಲಿ ಇರಬೇಕು, ಆದರೆ ಇಂಗ್ಲಿಷ್ ವಿಭಾಗದವರು ಪಠ್ಯಕ್ಕಾಗಿ ತರಿಸಿಕೊಂಡ ಪ್ರತಿಗಳು 822ರಲ್ಲಿ, ಇಂಗ್ಲಿಷ್ ನಾಟಕಗಳ ಜೊತೆಗೆ, ಕುಳಿತಿರುವುದು ಸಾಮಾನ್ಯ. ಸಣ್ಣ ಗ್ರಂಥಾಲಯಗಳು ಉದ್ದನೆಯ ಸಂಖ್ಯೆಯನ್ನು ಬಿಟ್ಟು ಕನ್ನಡಕ್ಕೆ ಒಂದು ಅಕ್ಷರ, ನಾಟಕಕ್ಕೆ ಒಂದು ಅಂಕಿ ಎಂದು ತಮ್ಮದೇ ಪದ್ಧತಿ ಮಾಡಿಕೊಂಡಿರುತ್ತವೆ. ಯಾವ ಗ್ರಂಥಾಲಯಕ್ಕೆ ಹೋದರೂ ಮೊದಲು ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ನಾಟಕ ಎಲ್ಲಿದೆ ಎಂದು ನೋಡಿಕೊಳ್ಳಿರಿ. ಅಲ್ಲಿಯ ಪದ್ಧತಿ ಅದರಿಂದಲೇ ತಿಳಿಯುತ್ತದೆ.

ನೀವು ಕೇಳದಿದ್ದರೂ ಒಂದು ಮಾತು: ಸಮಕಾಲೀನ ಪತ್ರಿಕೆಗಳನ್ನು ಬಿಡಬೇಡಿರಿ. ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ 1896ರಲ್ಲಿಯೂ, ಆಲೂರ ವೆಂಕಟರಾಯರ ಜಯಕರ್ನಾಟಕ 1922ರಲ್ಲಿಯೂ ಆರಂಭವಾದವು. ಇಂಥ ಪತ್ರಿಕೆಗಳ ಬೈಂಡ್ ಸಂಪುಟಗಳು ನಿಯತಕಾಲಿಕ ವಿಭಾಗದಲ್ಲಿ ಇರುತ್ತವೆ, ಹೊರಗೆ ಕೊಡುವುದಿಲ್ಲ, ಒಳಗಿನ ಲೇಖನಗಳ ಹೆಸರು ಕ್ಯಾಟಲಾಗಿನಲ್ಲಿ ಬರುವುದೂ ಇಲ್ಲ. ಒಂದು ನಾಟಕ ಮೊದಲು ಪ್ರಕಟವಾದಾಗ ಓದುಗರು ಏನೆಂದರು ಎಂಬುದು ಪುಸ್ತಕಗಳಿಗಿಂತ ಅಲ್ಲಿಯೇ ಚೆನ್ನಾಗಿ ತಿಳಿಯುತ್ತದೆ. ನೀವು ಕರ್ನಾಟಕ ವಿಶ್ವವಿದ್ಯಾಲಯದವರಾಗಿದ್ದರೆ ಪ್ರೊ. ಶಿ.ಶಿ. ಬಸವನಾಳರ ಹೆಸರಿನ ಮುಖ್ಯ ಗ್ರಂಥಾಲಯವಲ್ಲದೆ ಕನ್ನಡ ಅಧ್ಯಯನ ಪೀಠದಲ್ಲಿಯೂ ವಿಚಾರಿಸಿರಿ. ವಿಭಾಗಕ್ಕೆಂದು ಕೊಂಡ ಪುಸ್ತಕಗಳು ಮುಖ್ಯ ಕಟ್ಟಡದಲ್ಲಿಯೇ ಇರಬೇಕೆಂದಿಲ್ಲ.


ಮರುಪ್ರಶ್ನೆ
ಬರೆದವರು: ಎಂ.ಎ. ವಿದ್ಯಾರ್ಥಿನಿ, ಗದಗ

ಗುರುಗಳಿಗೆ, ಮೇಡಂ ಅವರಿಗೆ, ಹಾವೇರಿಯ ಅಣ್ಣನವರಿಗೆ ವಂದನೆಗಳು. ಜಾಗೀರದಾರ ಎಂಬ ಹೆಸರಿನಿಂದ ಹುಡುಕಿದಾಗ ನಿಜವಾಗಿಯೂ ಬೇರೊಂದು ಪಟ್ಟಿಯೇ ತೆರೆದುಕೊಂಡಿತು. ರೋಮನ್ ಲಿಪಿಯಲ್ಲಿಯೂ ಕೆಲವು ನಾಟಕಗಳು ದೊರೆತವು. ಅವುಗಳಲ್ಲಿ ಎರಡರ ಮುಂದೆ ಬೇರೆಯವರು ಒಯ್ದಿದ್ದಾರೆ ಎಂದಿದೆ. ಈಗ ಎರವಲಿನ ವಿಷಯವಾಗಿ ಕೇಳುತ್ತೇನೆ. ಹೊರಗೆ ಹೋದ ಪುಸ್ತಕಕ್ಕಾಗಿ ಕಾಯುವುದಕ್ಕೆ ಕ್ರಮವೇನಾದರೂ ಇದೆಯೇ? ನಾನು ಸದಸ್ಯಳಲ್ಲದ ಬೇರೆ ಗ್ರಂಥಾಲಯದಲ್ಲಿ ಪುಸ್ತಕವಿದ್ದರೆ ಅದನ್ನು ಪಡೆಯುವುದು ಹೇಗೆ? ಕೆಲವು ಪುಟಗಳನ್ನು ಝೆರಾಕ್ಸ್ ಮಾಡಿಸಿಕೊಳ್ಳಲು ಅಡ್ಡಿಯಿಲ್ಲವೇ?


ಉತ್ತರ
ಬರೆದವರು: ನಿವೃತ್ತ ಗ್ರಂಥಾಲಯ ಸಿಬ್ಬಂದಿ, ಧಾರವಾಡ

ಉಪನ್ಯಾಸಕಿಯವರ ಆಕ್ಷೇಪ ಸರಿಯಾಗಿದೆ. ಬೈಂಡುಗಳ ಮಾತು ನನಗೆ ಮೊದಲೇ ನೆನಪಾಗಬೇಕಿತ್ತು. ಒಂದನ್ನು ಮಾತ್ರ ಸೇರಿಸುತ್ತೇನೆ: ಕಪಾಟಿನಿಂದ ತೆಗೆದು ನೋಡಿದ ಪುಸ್ತಕಗಳನ್ನು ನೀವೇ ಮರಳಿ ಇಡಲು ಹೋಗಬೇಡಿರಿ, ಮೇಜಿನ ಮೇಲೆ ಬಿಡಿರಿ. ತಪ್ಪು ಸಾಲಿಗೆ ಸೇರಿದ ತೆಳುವಾದ ಪುಸ್ತಕ ಮುಂದಿನ ಎಣಿಕೆಯವರೆಗೆ ಕಳೆದುಹೋದಂತೆಯೇ ಸರಿ.

ಹೊರಗೆ ಹೋದ ಪುಸ್ತಕಕ್ಕೆ ಕ್ರಮ ಇದೆ. ಆ ಪುಸ್ತಕದ ಪರಿಗ್ರಹಣ ಸಂಖ್ಯೆಯನ್ನು, ಅಂದರೆ ಅಕ್ಸೆಷನ್ ನಂಬರನ್ನು, ಬರೆದುಕೊಂಡು ಕೌಂಟರಿನಲ್ಲಿ ಕಾಯ್ದಿರಿಸಲು ಕೇಳಿರಿ. ಈಗಿನ ಹಲವು ತಂತ್ರಾಂಶಗಳಲ್ಲಿ ನಿಮ್ಮ ಖಾತೆಯಿಂದಲೇ ಕಾಯ್ದಿರಿಸಬಹುದು. ಕಾಯ್ದಿರಿಸಿದ ಪುಸ್ತಕವನ್ನು ಒಯ್ದವರು ಸಾಮಾನ್ಯವಾಗಿ ಮತ್ತೆ ನವೀಕರಿಸಿಕೊಳ್ಳುವಂತಿಲ್ಲ. ಅದಕ್ಕಿಂತ ಮೊದಲು ಆ ಶೀರ್ಷಿಕೆಯ ಇತರ ಪ್ರತಿಗಳನ್ನು ನೋಡಿರಿ: ಒಂದೊಂದು ಪ್ರತಿಗೂ ಬೇರೆ ಬೇರೆ ಪರಿಗ್ರಹಣ ಸಂಖ್ಯೆ ಇರುತ್ತದೆ, ಒಂದು ಪರಾಮರ್ಶನದ್ದಾದರೆ ಇನ್ನೊಂದು ಎರವಲಿಗೆ ಕೊಡುವಂಥದ್ದಾಗಿರಬಹುದು. ಬಿಡಿ ನಾಟಕ ಸಿಗದಿದ್ದರೆ ಅದು ಸಮಗ್ರ ಸಂಪುಟದಲ್ಲಿ ಇದೆಯೇ ಎಂದು ನೋಡುವುದನ್ನೂ ಮರೆಯಬೇಡಿರಿ.

ಎಷ್ಟು ಪುಸ್ತಕ, ಎಷ್ಟು ದಿನ ಎಂಬುದು ಒಂದೊಂದು ಗ್ರಂಥಾಲಯದಲ್ಲಿ ಒಂದೊಂದು ರೀತಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗಿಂತ ಸಂಶೋಧಕರಿಗೆ, ಅವರಿಗಿಂತ ಅಧ್ಯಾಪಕರಿಗೆ ಹೆಚ್ಚು ಸಿಗುವುದು ಎಲ್ಲ ಕಡೆಯ ಪದ್ಧತಿ. ಇದ್ದಷ್ಟು ಅವಕಾಶವನ್ನು ಎಲ್ಲಿಯೂ ಸಿಗದ ಹಳೆಯ ಮುದ್ರಣಗಳಿಗೆ ಬಳಸಿರಿ. ಇಂದಿಗೂ ಅಂಗಡಿಯಲ್ಲಿ ದೊರೆಯುವ ನಾಟಕವನ್ನು ಎರವಲು ತಂದು ಒಂದು ಜಾಗ ತುಂಬಿಸುವುದಕ್ಕಿಂತ, ಧಾರವಾಡದ ಸುಭಾಷ ರಸ್ತೆಯಲ್ಲಿ ಕೊಂಡುಬಿಡುವುದು ಮೇಲು. ನಾಟಕದ ಪುಸ್ತಕಗಳ ಬೆಲೆ ಕಾದಂಬರಿಯಷ್ಟು ಇರುವುದಿಲ್ಲ. ಅವಧಿ ಮುಗಿಯುವ ದಿನ ರಜೆ ಇದ್ದರೆ ಬರಲಾಗದವರು ಮುಂಚಿತವಾಗಿಯೇ ನವೀಕರಿಸಿಕೊಳ್ಳಬೇಕು. ದಂಡ ದೊಡ್ಡ ಮೊತ್ತವಲ್ಲದಿದ್ದರೂ ಬಾಕಿ ಉಳಿದರೆ ಕೊನೆಗೆ ಬೇಬಾಕಿ ಪ್ರಮಾಣಪತ್ರದ ಹೊತ್ತಿಗೆ ತೊಂದರೆಯಾಗುತ್ತದೆ. ಅದಿಲ್ಲದೆ ಅಂಕಪಟ್ಟಿ ಕೈಗೆ ಬರುವುದಿಲ್ಲ.

ಬೇರೆ ಗ್ರಂಥಾಲಯದಲ್ಲಿ ನೀವು ಸದಸ್ಯರಲ್ಲದಿದ್ದರೆ ಮಾರ್ಗದರ್ಶಕರ ಅಥವಾ ವಿಭಾಗದ ಮುಖ್ಯಸ್ಥರ ಸಹಿಯುಳ್ಳ ಪತ್ರವೊಂದು ಸಾಕು. ಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದಷ್ಟೇ ಬರೆಸದೆ ವಿಷಯವನ್ನೂ ಬೇಕಾದ ಪುಸ್ತಕಗಳ ಹೆಸರನ್ನೂ ಬರೆಸಿರಿ. ಕೌಂಟರಿನಲ್ಲಿ ಇರುವವರಿಗೆ ನಿಮಗೆ ಏನು ಬೇಕೆಂಬುದು ತಕ್ಷಣ ತಿಳಿದರೆ ಸಹಾಯವೂ ತಕ್ಷಣ ದೊರೆಯುತ್ತದೆ. ಅಲ್ಲಿ ಕುಳಿತು ಓದಲು ಬಿಡುತ್ತಾರೆ, ಮನೆಗೆ ಕೊಡುವುದಿಲ್ಲ. ಮನೆಗೆ ಬೇಕಾದರೆ ಅಂತರ ಗ್ರಂಥಾಲಯ ಎರವಲು ಎಂಬ ದಾರಿ ಇದೆ: ನಿಮ್ಮ ಗ್ರಂಥಪಾಲಕರು ಆ ಗ್ರಂಥಪಾಲಕರನ್ನು ಕೇಳಿ, ತಮ್ಮ ಜವಾಬ್ದಾರಿಯ ಮೇಲೆ ತರಿಸಿಕೊಡುತ್ತಾರೆ. ಇದು ನಿಧಾನ, ಹಳೆಯ ಮುದ್ರಣಗಳಿಗೆ ಒಪ್ಪುವುದೂ ಕಡಿಮೆ. ಯಾವ ವಿಶ್ವವಿದ್ಯಾಲಯದಲ್ಲಿ ಪುಸ್ತಕ ಇದೆಯೆಂದು ತಿಳಿಯಲು ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ ಎಂಬ ಸಂಯುಕ್ತ ಸೂಚಿಯನ್ನು ನೋಡಬಹುದು. ಹೆಸರುಗಳ ಬಗ್ಗೆ ಮೊದಲು ಹೇಳಿದ ಎಚ್ಚರಿಕೆಗಳೆಲ್ಲ ಅಲ್ಲಿಯೂ ಅನ್ವಯಿಸುತ್ತವೆ. ಇನ್ನು ನಿಮ್ಮ ಊರಿನಲ್ಲಿಯೇ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ. ಸಾರ್ವಜನಿಕ ಗ್ರಂಥಾಲಯ ಎಂದರೆ ದಿನಪತ್ರಿಕೆ ಓದುವ ಜಾಗವೆಂದು ಎಂ.ಎ. ವಿದ್ಯಾರ್ಥಿಗಳು ಅತ್ತ ತಿರುಗಿಯೂ ನೋಡುವುದಿಲ್ಲ. ಠೇವಣಿ ಕಟ್ಟಿ ಸದಸ್ಯರಾದರೆ ಅಲ್ಲಿಂದಲೂ ಸಾಹಿತ್ಯದ ಪುಸ್ತಕಗಳನ್ನು ಮನೆಗೆ ಒಯ್ಯಬಹುದು.

ಝೆರಾಕ್ಸ್ ಬಗ್ಗೆ: ಸ್ವಂತ ಅಧ್ಯಯನಕ್ಕೆ ಬೇಕಾದಷ್ಟು ಪುಟಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ. ಇಡೀ ನಾಟಕವನ್ನು ಪ್ರತಿ ಮಾಡಿಸುವುದು ಬೇರೆ ಮಾತು. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಬಳಿಕ 60 ವರ್ಷ ಇರುತ್ತದೆ. ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ, ಆದ್ದರಿಂದ ಅವರ ನಾಟಕಗಳು 2044ರ ಕೊನೆಯವರೆಗೆ ಕೃತಿಸ್ವಾಮ್ಯದಲ್ಲಿಯೇ ಇರುತ್ತವೆ. ಅಂಚುಗಳು ಮುರಿಯುವಷ್ಟು ಹಳೆಯದಾದ ಪುಸ್ತಕವನ್ನು ಯಂತ್ರದ ಮೇಲೆ ಮಗುಚಿ ಒತ್ತಲು ಗ್ರಂಥಪಾಲಕರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಮೊಬೈಲಿನಿಂದ ಚಿತ್ರ ತೆಗೆಯಲು ಅನುಮತಿ ಕೇಳಿರಿ, ಮೊದಲ ಚಿತ್ರ ಮುಖಪುಟದ್ದೂ ಎರಡನೆಯದು ಮುದ್ರಣದ ವಿವರ ಇರುವ ಪುಟದ್ದೂ ಆಗಿರಲಿ. ಆ ಎರಡನ್ನು ತೆಗೆಯದೆ ಬಂದರೆ, ಯಾವ ಮುದ್ರಣದಿಂದ ಉದ್ಧರಿಸಿದಿರಿ ಎಂದು ಮಾರ್ಗದರ್ಶಕರು ಕೇಳಿದಾಗ ಮತ್ತೆ ಗದಗದಿಂದ ಧಾರವಾಡಕ್ಕೆ ಬರಬೇಕಾಗುತ್ತದೆ.